ಕರ್ನಲ್ ಸಾಹೇಬರ ನೆಂಟಸ್ತಿಕೆ

ಅಮೆರಿಕದಲ್ಲಿ ಸರ್ಕಾರದ ಗುಟ್ಟಿರುವ ಜಾಗದಲ್ಲಿ ಕೆಲಸ ಮಾಡಬೇಕಾದರೆ ಹೊರದೇಶದ ನೆಂಟರ ಹೆಸರು ಹೇಳಲೇಬೇಕು. ನೆಂಟರಿರುವುದು ತಪ್ಪಲ್ಲ, ಮುಚ್ಚಿಟ್ಟರೆ ಕೆಟ್ಟಿರಿ. ಇಷ್ಟು ಸಣ್ಣ ಮಾತು ವರ್ಜೀನಿಯಾ ಬೀಚಿನ ನಮ್ಮ ಫಿಲಿಪಿನೋ ಓಣಿಯಲ್ಲಿ ಯಾರ ತಲೆಗೂ ಇಳಿದಿಲ್ಲ. ಮರಿವಿಕ್‌ಳ ತಾಯಿ ಲೂಮಿಂಗಳ ತಲೆಗಂತೂ ಇಳಿಯುವ ಮಾತೇ ಇಲ್ಲ.

ಮರಿವಿಕ್ ಯುದ್ಧಹಡಗುಗಳ ಹೊಟ್ಟೆಯೊಳಗೆ ತೂರಿ ವೈರು ಎಳೆಯುವವಳು. ಮೊಣಕಾಲು ಸವೆದಿತ್ತು, ಕೈ ಪಳಗಿತ್ತು. ಇನ್ನು ಮೇಲೆ ಸರ್ಕಾರದ ಭದ್ರತಾ ಅನುಮತಿ ಇಲ್ಲದವರನ್ನು ಹಡಗು ಹತ್ತಿಸುವುದಿಲ್ಲ ಎಂದು ಹಡಗು ಕಟ್ಟುವ ಯಾರ್ಡಿನವರು ಹೇಳಿಬಿಟ್ಟರು. ಅನುಮತಿ ಸಿಗದಿದ್ದರೆ ಅನ್ನಕ್ಕೆ ಕಲ್ಲು. ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದಳು: ಫಿಲಿಪೀನ್ಸಿನ ಊರಲ್ಲಿರುವುದು ಚಿಕ್ಕಮ್ಮ ಔರಿಂಗ್ ಒಬ್ಬಳೇ, ತಾಯಿಯ ತಂಗಿ.

ಸರ್ಕಾರದ ತನಿಖಾಧಿಕಾರಿ ವಿಟ್ಲಾಕ್ ಮನೆಗೆ ಬರುವ ಹಿಂದಿನ ದಿನ ಪಕ್ಕದ ಮನೆ ಸೋಲಿ ಲೂಮಿಂಗಳ ಕಿವಿ ಊದಿದಳು. "ಅಕ್ಕಾ, ಆ ಮೀನು ಮಾರೋ ತಂಗಿ ವಿಷಯ ಬಾಯಿ ಬಿಡಬೇಡ. ದೊಡ್ಡವರ ಹೆಸರು ಹೇಳು. ವಶೀಲಿ ಇಲ್ಲದೆ ಎಲ್ಲಿ ಕೆಲಸ ಆಗುತ್ತೆ?"

ವಿಟ್ಲಾಕ್ ಬಂದ. ಅಡುಗೆಮನೆಯಲ್ಲಿ ಸೋಲಿ ಲುಂಪಿಯಾ ಸುರುಳಿ ಕರಿಯುತ್ತಿದ್ದಳು. ಲೂಮಿಂಗ್ ತಟ್ಟೆ ತುಂಬ ತಂದಿಟ್ಟಳು. ಆತ ಬೇಡವೆಂದ.

"ಒಂದಾದ್ರೂ ತಿನ್ನಿ ಸಾರ್. ವಿಷ ಹಾಕಿಲ್ಲ!"

ಮರಿವಿಕ್ ಹಣೆ ಒರೆಸಿಕೊಂಡಳು.

"ಫಿಲಿಪೀನ್ಸಲ್ಲಿ ನಿಮ್ಮವರು ಯಾರಿದ್ದಾರಮ್ಮ?" ವಿಟ್ಲಾಕ್ ಲೂಮಿಂಗಳನ್ನು ಕೇಳಿದ.

"ಕರ್ನಲ್ ದುಮ್ಲಾವ್ ಇದ್ದಾರೆ ಸಾರ್! ಸೈನ್ಯದಲ್ಲಿ! ಇವಳ ಮದುವೆಗೆ ಧರ್ಮತಂದೆ ಆಗಿ ನಿಂತವರು, ನನಗೆ ಒಡಹುಟ್ಟಿದೋರಿಗಿಂತ ಹೆಚ್ಚು. ಒಂದು ಫೋನು ಮಾಡಿದ್ರೆ ಎಂಥ ಕೆಲಸವೂ ಆಗುತ್ತೆ." ಸ್ವಲ್ಪ ಬಾಗಿ ದನಿ ತಗ್ಗಿಸಿದಳು. "ನಿಮಗೂ ಏನಾದ್ರೂ ಆಗಬೇಕಿದ್ರೆ ಸಂಕೋಚ ಪಡಬೇಡಿ."

ವಿಟ್ಲಾಕ್‌ನ ಪೆನ್ನು ನಿಂತಿತು. "ಈ ಹೆಸರನ್ನ ನಿಮ್ಮ ಮಗಳು ಕೊಟ್ಟಿಲ್ಲ. ಇರಲಿ, ತಂಗಿ ಔರಿಂಗ್?"

"ಯಾವ ಔರಿಂಗ್? ಅಂಥೋರು ನಮಗೆ ಯಾರೂ ಇಲ್ಲ."

ಆತನ ಕಣ್ಣು ಮೂಲೆಗೆ ಹೋಯಿತು. ಶಾಂಪೂ, ಮಾಂಸದ ಡಬ್ಬಿ, ಟವೆಲು ತುಂಬಿ ಊರಿಗೆ ಹೊರಟು ನಿಂತಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಔರಿಂಗ್ ಎಂದಿತ್ತು.

"ಅಮ್ಮಾ," ಎಂದಳು ಮರಿವಿಕ್, "ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳು. ನನ್ನ ಕೆಲಸ ಹೋಗುತ್ತೆ ಕಣೇ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸೋಲಿ ಮೈಯೆಲ್ಲ ಕಿವಿಯಾಗಿದ್ದಾಳೆಂದು ಲೂಮಿಂಗಳಿಗೆ ಗೊತ್ತು. ಇಷ್ಟು ಕಾಲ ಓಣಿಯಲ್ಲಿ ಅವಳು ತಲೆಯೆತ್ತಿ ನಡೆದದ್ದೇ ಆ ಕರ್ನಲ್ ಹೆಸರಿನ ಮೇಲೆ. ಮಗಳ ಮುಖ ನೋಡಿದಳು.

"ಕರ್ನಲ್ಲಿಗೆ ನಾನು ಯಾರಂತಲೇ ಗೊತ್ತಿಲ್ಲ ಸಾರ್. ಮದುವೆಗೆ ಬಂದ, ಹುರಿದ ಹಂದಿಯ ಗರಿಗರಿ ಚರ್ಮವನ್ನೆಲ್ಲ ಒಬ್ಬನೇ ತಿಂದ, ಇವಳ ಹೆಸರು ತಪ್ಪು ಹೇಳಿ ಹರಸಿದ, ಹೋದ. ಮತ್ತೆ ಸುಳಿವಿಲ್ಲ."

"ಔರಿಂಗ್?"

"ನನ್ನ ತಂಗಿ. ಭಾನುವಾರ ಅವಳ ದನಿ ಕೇಳದಿದ್ರೆ ನನಗೆ ಅನ್ನ ಇಳಿಯಲ್ಲ. ಒಣಮೀನು ಮಾರ್ತಾಳೆ. ನಿಮ್ಮ ಹಡಗಿನ ಗುಟ್ಟು ಅವಳಿಗ್ಯಾಕೆ ಸಾರ್? ಅವಳು ಕೇಳಿದ್ದು ಶಾಂಪೂ."

ಅಡುಗೆಮನೆಯಿಂದ ಸೋಲಿ ಕೂಗಿದಳು: "ಅಯ್ಯೋ ಅಕ್ಕಾ! ಹಾಗಾದ್ರೆ ಆ ಕರ್ನಲ್ ಹೆಸರು ಹೇಳಿ ಚರ್ಚಲ್ಲಿ ಮುಂದಿನ ಸಾಲಿನ ನನ್ನ ಜಾಗ ಯಾಕೆ ಕಿತ್ಕೊಂಡೆ?"

"ಲುಂಪಿಯಾ ಸೀದುಹೋಗ್ತಿದೆ, ಅದನ್ನ ನೋಡೇ!"

ಅನುಮತಿ ಬರಲು ಚಳಿಗಾಲ ಕಳೆಯಬೇಕಾಯಿತು. ಅಕ್ಕತಂಗಿಯರ ಪ್ರೀತಿಯನ್ನು ತೂಗಿ ನೋಡಲು ಸರ್ಕಾರಕ್ಕೆ ಅಷ್ಟು ಕಾಲ ಬೇಕಂತೆ. ಆ ತಕ್ಕಡಿಯ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ಸಿಟ್ಟು, ಗುರುತೇ ಇಲ್ಲದ ದೊಡ್ಡವನನ್ನು ಅಣ್ಣನೆಂದು ಮೆರೆಸಿ, ಒಡಹುಟ್ಟಿದ ಬಡವಳನ್ನು ಪೆಟ್ಟಿಗೆಯ ಹಿಂದೆ ಬಚ್ಚಿಡುವ ನಮ್ಮ ಚಾಳಿಯ ಮೇಲೆ.

ನಿಮ್ಮ ಮನೆಯಲ್ಲೂ ಒಬ್ಬ ಕರ್ನಲ್ ಇದ್ದಾನೆ, ನನಗೆ ಗೊತ್ತು. ಗೋಡೆಯಿಂದ ಅವನ ಫೋಟೋ ಇಳಿಸಿ. ನಿಮ್ಮ ಔರಿಂಗ್ ಯಾರು? ನೆರೆಯವರಿಗೆ ಕೇಳುವ ಹಾಗೆ ಅವಳ ಹೆಸರು ಹೇಳಿ.