ಮೇಷ್ಟ್ರು ಬರೆದದ್ದು

ಮೊನ್ನೆ ಮಂಡ್ಯದ ನಮ್ಮ ಕಚೇರಿಯಲ್ಲಿ ಕಂಪ್ಯೂಟರಿಗೆ ಪೈಥಾನ್ ಭಾಷೆಯ ಹೊಸ ಆವೃತ್ತಿ ಹಾಕುವ ಮುನ್ನ ಹಳೆಯ ಪ್ರೋಗ್ರಾಮುಗಳ ವಿವರ ಹುಡುಕಲು ಬೀರು ತೆಗೆದೆ. ಮೇಷ್ಟ್ರ ನೋಟ್‌ಬುಕ್ ಕೈಗೆ ಬಂತು. ಇನ್ನೂ ಮೆಷಿನ್ ಎಣ್ಣೆಯ ವಾಸನೆ... ಮದ್ದೂರಿನ ಪೇಟೆಬೀದಿಯಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು ಅವರು. ಟೈಪ್‌ರೈಟರನ್ನು ಕೇಳುವವರೇ ಇಲ್ಲವಾದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಪೈಥಾನ್ ಕಲಿತು, ಅದೇ ಅಂಗಡಿಯಲ್ಲಿ ನನ್ನಂಥವರಿಗೆ ಹೇಳಿಕೊಟ್ಟರು.

ಪೈಥಾನ್ ನಿಧಾನ ಎಂದು ನಾನು ಮೂಗು ಮುರಿಯುತ್ತಿದ್ದೆ. ಒಂದು ಸಲಕ್ಕೆ ಒಂದೇ ಕೆಲಸ ಓಡಲಿ ಎಂದು ಅದರೊಳಗೊಂದು ಬೀಗ ಬೇರೆ. "ಬೀಗ ಆಕಿರೋರೇ ಒಂದಿನ ತೆಗೀತಾರೆ ಕಣಪ್ಪ. ನಿಂಗ್ಯಾಕೆ ಇಷ್ಟು ಆತ್ರ?" ಅನ್ನುತ್ತಿದ್ದರು. ಹ ಅಕ್ಷರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಪಾಠ ಹೇಳುವಾಗ # ಗುರುತಿನ ಹ್ಯಾಷ್ ಅವರಿಗೆ ಆಷ್. ಬೆನ್ನ ಹಿಂದೆ ಅಣಕಿಸಿ ನಗುತ್ತಿದ್ದೆ, ಮಳವಳ್ಳಿಯಲ್ಲಿ ನಮ್ಮವ್ವನೂ ಹಾಗೇ ಮಾತಾಡುತ್ತಾಳೆಂಬುದನ್ನು ಮರೆತವನಂತೆ.

ನಾನು ಅಲ್ಲಿ ಕಲಿಯುತ್ತಿದ್ದ ವರ್ಷ ಮದ್ದೂರಿನ ಕಣ್ಣಿನ ಶಿಬಿರಕ್ಕೆ ಮೇಷ್ಟ್ರು ಪುಕ್ಕಟೆಯಾಗಿ ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಹಳ್ಳಿಗಳಿಂದ ಬಂದ ಹೆಸರುಗಳನ್ನೂ ಡಾಕ್ಟರ ತಪಾಸಣೆಯ ಪಟ್ಟಿಯನ್ನೂ ತಾಳೆ ನೋಡಿ, ಆಪರೇಷನ್ನಿಗೆ ಯಾರ್ಯಾರು ಎಂದು ಅದು ಹೇಳಬೇಕು. ಪ್ರತಿ ಹೆಸರನ್ನೂ ಹ ಇಟ್ಟು ಒಮ್ಮೆ, ಹ ಬಿಟ್ಟು ಒಮ್ಮೆ ಹುಡುಕುತ್ತಿತ್ತು. ತೀರಾ ನಿಧಾನ. ಆಗಷ್ಟೇ ಪೈಥಾನ್ ಮೂರು ಪಾಯಿಂಟ್ ಹನ್ನೊಂದು ಬಂದಿತ್ತು, ಹಿಂದಿನದಕ್ಕಿಂತ ಚುರುಕಂತೆ ಎಂಬ ಸುದ್ದಿ. ಮೇಷ್ಟ್ರು ಊರಲ್ಲಿಲ್ಲದ ದಿನ ಅದನ್ನು ಹಾಕಿದೆ. ಸಾಲದ್ದಕ್ಕೆ, ದಂಡ ಕೆಲಸ ಎಂದು ಹ ಬಿಟ್ಟು ಹುಡುಕುವ ಸಾಲುಗಳನ್ನೇ ಕಿತ್ತೆ. ಪಟ್ಟಿ ಕ್ಷಣದಲ್ಲಿ ಬಂತು. ಶಿಬಿರದವರು ಬೆನ್ನು ತಟ್ಟಿದರು. ಎಲ್ಲ ಹೊಸ ಪೈಥಾನ್ ಮಹಿಮೆ ಎಂದು ಜಂಬ ಕೊಚ್ಚಿಕೊಂಡೆ.

ಶಿಬಿರದ ಬೆಳಿಗ್ಗೆ ಹನಕೆರೆಯಿಂದ ಒಬ್ಬ ಅಜ್ಜಿ ರೈಲಿನಲ್ಲಿ ಬಂದು ಬೆಂಚಿನ ಮೇಲೆ ಕೂತಿದ್ದರು. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಡಾಕ್ಟರು ಬರೆದದ್ದು ಹೊನ್ನಮ್ಮ, ಹನಕೆರೆ. ಹಳ್ಳಿಯ ಪಟ್ಟಿಯಲ್ಲಿ ಅಜ್ಜಿ ಹೇಳಿದಂತೆಯೇ ಒನ್ನಮ್ಮ, ಅನಕೆರೆ. ಆ ದಿನದ ಸರದಿ ಆಗಲೇ ತುಂಬಿಹೋಗಿತ್ತು.

"ಯಾರು ಬರೆದದ್ದು ಈ ಪ್ರೋಗ್ರಾಮ್?" ಎಂದು ಶಿಬಿರದ ಮೇಲ್ವಿಚಾರಕರು ಗದರಿದರು. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

"ಮೇಷ್ಟ್ರು ಬರೆದದ್ದು," ಅಂದೆ.

ಅವರು ಬಂದು ಕಂಪ್ಯೂಟರಿನ ಮೇಲೆ ಕಣ್ಣಾಡಿಸಿದರು. ತಮ್ಮ ಸಾಲುಗಳು ಅಲ್ಲಿಲ್ಲವೆಂದು ತಿಳಿಯಿತು. ನನ್ನ ಮುಖವನ್ನೊಮ್ಮೆ ನೋಡಿದರು... "ಊಂ ಸಾ, ನಂದೇ ತಪ್ಪು," ಅಂದರು.

ಅಜ್ಜಿಯನ್ನು ಕೈಹಿಡಿದು ಸ್ಟೇಷನ್ನಿಗೆ ಕರೆದೊಯ್ದವರೂ ಅವರೇ. "ಬುಡಪ್ಪ, ಇನ್ನೊಂದ್ಸತಿ ಬತ್ತೀನಿ," ಎಂದು ಅಜ್ಜಿಯೇ ಅವರನ್ನು ಸಮಾಧಾನ ಮಾಡುತ್ತಿದ್ದರು. ಮುಂದಿನ ಶಿಬಿರದ ಹೊತ್ತಿಗೆ ಅಜ್ಜಿ ಇರಲಿಲ್ಲ. ಕೊನೆಯವರೆಗೂ ಕಣ್ಣು ಮಬ್ಬಾಗಿಯೇ ಇತ್ತಂತೆ.

ಮೇಷ್ಟ್ರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇವತ್ತು ಒಪ್ಪಿಕೊಳ್ಳೋಣ, ನಾಳೆ ಒಪ್ಪಿಕೊಳ್ಳೋಣ ಎಂದು ನಾಚಿಕೆಯಿಂದ ಅಂಗಡಿಯ ಬೀದಿಯನ್ನೇ ತಪ್ಪಿಸಿ ಓಡಾಡಿದೆ. ಹೋದ ವರ್ಷ ಅವರೂ ತೀರಿಕೊಂಡರು. ನೋಟ್‌ಬುಕ್ಕನ್ನು ಅವರ ಮನೆಯವರು ತಂದು ನನಗೇ ಕೊಟ್ಟರು.

ಈಗ ಆ ಬೀಗವಿಲ್ಲದ ಪೈಥಾನ್ ಕೂಡ ಸಿಗುತ್ತದೆ. ಅವರಂದಂತೆ, ಹಾಕಿದವರೇ ತೆಗೆದಿದ್ದಾರೆ. ಅದನ್ನೇ ಹಾಕಿ, ನಮ್ಮ ಕಚೇರಿಯ ಹೆಸರುಪಟ್ಟಿಯ ಪ್ರೋಗ್ರಾಮಿಗೆ ನೋಟ್‌ಬುಕ್ಕಿನಲ್ಲಿದ್ದ ಹ-ದ ಹುಡುಕಾಟವನ್ನು ಒಂದಕ್ಷರ ಬಿಡದೆ ಸೇರಿಸಿದೆ. ಪಕ್ಕದ ಮೇಜಿನವರು ನೋಡಿ, "ಚೆನ್ನಾಗದೆ ಕಣ್ರೀ. ಯಾರು ಬರೆದದ್ದು?" ಅಂದರು.

"ಮೇಷ್ಟ್ರು ಬರೆದದ್ದು," ಅಂದೆ.

ಅದೇ ಎರಡು ಪದ. ಈ ಸಲ ನಿಜ. ಬಾಗಿಲ ಕಡೆ ತಿರುಗಿ ನೋಡಿದೆ... ಯಾರೂ ಇರಲಿಲ್ಲ.