ಎಡಗಾಲಿನ ತಾಳ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿ ಹೋದವರು, ಇಂಥವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ "ಅವತ್ತು ಊಟಕ್ಕೇನಿತ್ತು?" ಎಂದು ಕೇಳಿ ಮಾತು ಕೆಡಿಸುವುದು ನನ್ನ ಚಾಳಿ. ಈಗ ಇದನ್ನು ಓದಿ ನೀವೂ ನನ್ನನ್ನು ಹಾಗೆಯೇ ಕೇಳಬಹುದು. ಕೇಳಿ, ಬೇಜಾರಿಲ್ಲ. ಅವತ್ತು ಮುದ್ದೆ, ಹುರುಳಿಕಾಳಿನ ಸಾರು. ಚೆನ್ನಾಗಿಯೇ ಜೀರ್ಣವಾಗಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆ ದೊಡ್ಡಬಳ್ಳಾಪುರದಲ್ಲಿ, ಕೆಲಸ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ. ಲಾರಿಗಳಿಗೆ ಮಾಲು ಏರಿಸುವುದನ್ನು ದಿನವಿಡೀ ನಿಂತು ನೋಡಿಕೊಳ್ಳಬೇಕು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದಾಗ ಎಡಗಾಲಿನ ಮೀನಖಂಡ ತನ್ನಷ್ಟಕ್ಕೆ ತಾನು ಅದುರುತ್ತಿರುವುದು ಕಂಡಿತು. ಕುದಿಯುವ ಅನ್ನದ ಮೇಲೆ ಗುಳ್ಳೆ ಎದ್ದು ಒಡೆಯುತ್ತದಲ್ಲ, ಹಾಗೆ. ನೋವಿಲ್ಲ, ಉರಿಯಿಲ್ಲ. ನಿಂತುಹೋಗುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ನಿದ್ದೆಯಲ್ಲೂ ಅದುರುತ್ತಲೇ ಇರುತ್ತದೆ ಎಂದು ಹೆಂಡತಿ ಸವಿತಾ ಹೇಳಿದಳು.

ಗೋದಾಮಿನಲ್ಲಿ ಇದು ಎಲ್ಲರಿಗೂ ತಮಾಷೆಯಾಯಿತು. "ಕಾಲು ಅದುರಿದ್ರೆ ಪ್ರಯಾಣ ಗುರು, ಬ್ಯಾಗ್ ರೆಡಿ ಮಾಡ್ಕೋ" ಎಂದ ಒಬ್ಬ. ಪ್ರಯಾಣ ಬಂತು, ಆದರೆ ಎಲ್ಲವೂ ಆಸ್ಪತ್ರೆಗೆ. ಮೊದಲ ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಎರಡನೆಯವರು ವಿಟಮಿನ್ ಇಂಜೆಕ್ಷನ್. ಮೂರನೆಯವರು ಬೆನ್ನಿನ ಸ್ಕ್ಯಾನ್ ಮಾಡಿಸಿ, ಬೆನ್ನು ನನ್ನ ವಯಸ್ಸಿಗೆ ಮೀರಿ ಚೆನ್ನಾಗಿದೆಯೆಂದು ಮೆಚ್ಚಿಕೊಂಡರು. ಕಾಲು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ಅಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡಿದ್ದೆ. ಮೊಬೈಲಿನಲ್ಲಿ ಹುಡುಕಿ ಓದಿಬಿಟ್ಟಿದ್ದೆ. ಹೀಗೆ ಅದುರುವುದರಿಂದಲೇ ಶುರುವಾಗಿ ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಕರಗುವ ಕಾಯಿಲೆಯೊಂದಿದೆಯಂತೆ. ಅದಕ್ಕೆ ಮದ್ದಿಲ್ಲವಂತೆ. ಓದಿದ ಮೇಲೆ ನನಗೆ ನೆಮ್ಮದಿ ಎನ್ನುವುದೇ ಇಲ್ಲವಾಯಿತು. ಮಗಳಿನ್ನೂ ಪಿಯುಸಿ. ಸವಿತಾಳ ಹೊಲಿಗೆ ಟೇಪನ್ನು ಕದ್ದು ಬಚ್ಚಲಿಗೆ ಒಯ್ದು ಎರಡೂ ಕಾಲಿನ ಸುತ್ತಳತೆ ನೋಡುತ್ತಿದ್ದೆ. ಟೇಪು ಒದ್ದೆಯಾಗಿರುವುದು ಯಾಕೆಂದು ಅವಳು ಕೇಳಿದಾಗ ಗೊತ್ತಿಲ್ಲ ಅಂದೆ. ನಿಜ ಹೇಳುತ್ತೇನೆ, ಸಾವಿಗಿಂತ ಹೆಚ್ಚಾಗಿ, ಇವರಿಬ್ಬರೂ ನನ್ನನ್ನು ಎತ್ತಿ ಕೂರಿಸುವ ದಿನಕ್ಕೆ ಹೆದರಿದ್ದೆ.

ಕೊನೆಗೆ ಬೆಂಗಳೂರಿನ ನರರೋಗದ ಡಾಕ್ಟರೊಬ್ಬರು, ನಡುವಯಸ್ಸಿನ ಹೆಂಗಸು, ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾಡಿದರು. ಸ್ನಾಯುವಿನ ಮಿಡಿತ ಯಂತ್ರದ ಸ್ಪೀಕರಿನಲ್ಲಿ ಸದ್ದಾಗಿ ಕೇಳಿಸುತ್ತದೆ. ಸವಿತಾಳನ್ನು ಹೊರಗೆ ಕೂರಿಸಿದ್ದರು. ಸೂಜಿ ಒಳಗೆ ಹೋದದ್ದೇ ಸ್ಪೀಕರು ಬಡಿಯತೊಡಗಿತು. ಟಕ್‌ಟಕ್... ಟಕ್. ಟಕ್‌ಟಕ್... ಟಕ್. ಎರಡು ಒತ್ತೊತ್ತಾಗಿ, ಆಮೇಲೆ ಒಂದು ತಡವಾಗಿ.

ಡಾಕ್ಟರು ಕೈ ತಡೆದರು. ಪಕ್ಕದ ಫ್ಯಾನ್ ಆರಿಸಿದರು, ಯಂತ್ರದ ವೈರು ಬಿಚ್ಚಿ ಮತ್ತೆ ಹಾಕಿದರು. ಸದ್ದು ಬದಲಾಗಲಿಲ್ಲ.

"ಅದುರು ಅಂದ್ರೆ ಹೇಗೆ ಬೇಕೋ ಹಾಗೆ ಬರುತ್ತೆ, ಅದಕ್ಕೊಂದು ತಾಳ ಅಂತ ಇರಲ್ಲ. ನಿಮ್ದು ಇಷ್ಟು ಕ್ರಮವಾಗಿದೆಯಲ್ಲ, ನಾನು ಇಂಥದ್ದು ಕೇಳಿಲ್ಲ" ಎಂದರು. ಸ್ನಾಯು ಕರಗುತ್ತಿರುವ ಗುರುತು ಸದ್ಯಕ್ಕೆ ಕಾಣುತ್ತಿಲ್ಲ, ಆದರೆ ಇಲ್ಲವೇ ಇಲ್ಲ ಎನ್ನಲು ಇನ್ನೂ ಕೆಲವು ತಿಂಗಳು ಕಾಯಬೇಕು, ಮತ್ತೆ ಬನ್ನಿ ಎಂದರು. ಅದುರು ಕಡಿಮೆಯಾಗಲು ಒಂದು ಮಾತ್ರೆ ಬರೆದರು. ಸವಿತಾಳಿಗೆ ಅಷ್ಟನ್ನೇ ಹೇಳಿದೆ. ಸದ್ದಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಇನ್ನಷ್ಟು ಗಾಬರಿಯಾಗುತ್ತಾಳೆಂಬ ಯೋಚನೆ, ಬೇರೇನಿಲ್ಲ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ವಿದ್ಯುತ್ ಮಗ್ಗ ಓಡಿಸುತ್ತಿದ್ದರು. ಬಾಗಿಲ ಪಕ್ಕದ ಮಗ್ಗ ಅಮ್ಮನದು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಮಗ್ಗಗಳೆಲ್ಲ ಗುಜರಿಗೆ ಹೋದವು. ನಾನು ನೇಯ್ದವನೇ ಅಲ್ಲ. ಈಗ ಆ ಶೆಡ್ಡಿನಲ್ಲಿ ಸ್ಕೂಟರು ನಿಲ್ಲುತ್ತದೆ. ಅಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಮಗ್ಗದ ಗದ್ದಲದಲ್ಲೇ ಆಯುಷ್ಯ ಕಳೆದವರಿಗೆ ಆಗುವಂತೆ ಅಪ್ಪನ ಕಿವಿ ಪೂರ್ತಿ ಹೋಗಿದೆ, ಸಿಡಿಲು ಹೊಡೆದರೂ ಕೇಳಿಸುವುದಿಲ್ಲ. ನೇಯುತ್ತಿದ್ದ ಕಾಲದಲ್ಲೇ ಕಿವಿ ಮಂದವಾಗಿದ್ದರಿಂದ ಅವರು ಮಗ್ಗದ ಚೌಕಟ್ಟಿಗೆ ಅಂಗೈ ಒತ್ತಿ, ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುತ್ತಿದ್ದರು. ಒಂದೊಂದು ಮಗ್ಗದ ಬಡಿತವೂ ಅವರ ಅಂಗೈಗೆ ಬೇರೆ ಬೇರೆ.

ಪರೀಕ್ಷೆಯಾದ ಮುಂದಿನ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ಮಾತ್ರೆ ಇನ್ನೂ ಶುರುಮಾಡಿರಲಿಲ್ಲ, ಅವತ್ತು ರಾತ್ರಿಯಿಂದ ಎಂದುಕೊಂಡಿದ್ದೆ. ಅಪ್ಪ ಬಟ್ಟಲಲ್ಲಿ ಹರಳೆಣ್ಣೆ ಬಿಸಿಮಾಡಿಕೊಂಡು ಬಂದರು. ಬೇಡ ಎಂದು ಕೈಯಾಡಿಸಿದೆ. ಈ ವಯಸ್ಸಿನಲ್ಲಿ ಅಪ್ಪನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳುವುದೇ? ಅವರು ಕೇಳಬೇಕಲ್ಲ! ಪಂಚೆ ಮಡಚಿ ಕೂತು, ಎಣ್ಣೆ ಹಚ್ಚಿ, ಮೀನಖಂಡದ ಮೇಲೆ ಅಂಗೈ ಇಟ್ಟರು. ಇಟ್ಟವರು ತಿಕ್ಕಲಿಲ್ಲ. ಹಾಗೆಯೇ ಕೂತುಬಿಟ್ಟರು.

"ಲೇ, ಇದು ನಿಮ್ಮಮ್ಮನ ಮಗ್ಗ ಕಣ್ಲಾ" ಎಂದರು.

ಕಿವುಡರಾದ್ದರಿಂದ ಅಪ್ಪನ ಮಾತು ಯಾವಾಗಲೂ ಜೋರು. ಸವಿತಾ ಅಡುಗೆಮನೆಯಿಂದ ಇಣುಕಿದಳು. ನಾನು ಏನು ಎಂದು ಕೈಸನ್ನೆ ಮಾಡಿದೆ.

"ಬಾಗಿಲ ಪಕ್ಕದ್ದು ಕಣೋ. ನೀನು ಹೊಟ್ಟೇಲಿದ್ದಾಗ ಲಾಳಿ ಹೊಡೆಯೋ ಕಡೆ ತೊಗಲು ಸವೆದು ಕುಂಟ್ತಿತ್ತು. ರಿಪೇರಿ ಮಾಡ್ತೀನಿ ಅಂದ್ರೆ ಬಿಡ್ಲಿಲ್ಲ ಅವ್ಳು. ಈ ಸದ್ದಿಗೆ ಮಗ ಒದೆಯೋದು ಬಿಟ್ಟು ಸುಮ್ಕಿರ್ತಾನೆ, ಮುಟ್ಬೇಡಿ ಅಂದ್ಳು. ನೀನು ಹುಟ್ಟಿದ್ಮೇಲೇ ಸರಿಮಾಡಿದ್ದು."

ಎಣ್ಣೆಗೈ ನನ್ನ ಕಾಲ ಮೇಲೇ ಇತ್ತು. ಇನ್ನೊಂದು ಕೈಯಿಂದ ನೆಲದ ಮೇಲೆ ಬಡಿದು ತೋರಿಸಿದರು. ಟಕ್‌ಟಕ್... ಟಕ್. ಸ್ಪೀಕರಿನಲ್ಲಿ ನಾನೂ ಡಾಕ್ಟರೂ ಕೇಳಿದ್ದು ಅದನ್ನೇ.

ಅಪ್ಪ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಲಾಳೀಲಿ ನೂಲು ಮುಗೀತು. ಈಗ ನಿಲ್ಲಿಸ್ತಾಳೆ ನೋಡು" ಎಂದರು.

ಕಾಲು ನಿಂತಿತು.

ತಿಂಗಳುಗಟ್ಟಲೆ ನಿದ್ದೆಯಲ್ಲೂ ಬಿಡದೆ ಅದುರಿದ್ದ ಕಾಲು ಅದು. ಸುಮ್ಮನಾಗಿಬಿಟ್ಟಿತು. ನಾನು ಬಗ್ಗಿ ಕಾಲನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಸವಿತಾಳಿಗೂ ಅದು ಕಾಣುತ್ತಿತ್ತು. ಅಪ್ಪ ಕೈ ತೆಗೆಯಲಿಲ್ಲ, ಅವಸರವೂ ಪಡಲಿಲ್ಲ. ಲಾಳಿಯೊಳಗಿನ ಖಾಲಿ ನೂಲಿನ ಕಡ್ಡಿ ತೆಗೆದು ಹೊಸದು ಹಾಕುವವರ ಪಕ್ಕ ನಿಂತು ಕಾಯುವವರಂತೆ ಕಾದರು. ಆಮೇಲೆ "ಹೂಂ, ಹಾಕಿದ್ಲು" ಎಂದರು. ಕಾಲು ಮತ್ತೆ ಅದುರತೊಡಗಿತು.

ಆಮೇಲೆ ಅಪ್ಪ ಅತ್ತರು. ಅಮ್ಮ ಹೋದಾಗಲೂ ಎಲ್ಲರೆದುರು ಅಳದಿದ್ದ ಮನುಷ್ಯ. "ಎಷ್ಟು ವರ್ಷ ಆಯ್ತೋ ಏನಾದ್ರೂ ಕೇಳಿ" ಎಂದಷ್ಟೇ ಹೇಳಿ, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು, ಎಣ್ಣೆ ತಿಕ್ಕಿ ಎದ್ದುಹೋದರು.

ಎಲ್ಲವನ್ನೂ ತರ್ಕಕ್ಕೆ ಹಚ್ಚಿ ನೋಡಿದ್ದೇನೆ. ನೆಲಮಂಗಲದಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ. "ಹೂಂ ಕಣಪ್ಪ, ಅಕ್ಕನ ಕುಂಟು ಮಗ್ಗ. ನಿಂಗ್ಯಾರು ಹೇಳಿದ್ರು?" ಎಂದಳು. ಹೊಟ್ಟೆಯಲ್ಲಿದ್ದಾಗ ಕೇಳಿದ ಸದ್ದು ಮೈಯಲ್ಲಿ ಉಳಿದಿತ್ತು ಎಂದುಕೊಳ್ಳೋಣ. ಆದರೆ ಇಷ್ಟು ವರ್ಷ ಬಿಟ್ಟು ಈಗ ಯಾಕೆ, ಅದೂ ಮೀನಖಂಡದಲ್ಲಿ ಯಾಕೆ? ಅದುರು ನಿಧಾನವಾಗುತ್ತಿರುವುದು ಅಪ್ಪನ ಅಂಗೈಗೆ ನನಗಿಂತ ಮೊದಲೇ ತಿಳಿಯಿತು ಎಂದೂ ಅಂದುಕೊಳ್ಳಬಹುದು. ಹಾಗಾದರೆ ಮತ್ತೆ ಶುರುವಾಗುವುದು ಹೇಗೆ ತಿಳಿಯಿತು? ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ, ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಅಷ್ಟೇ.

ಆಮೇಲಿನ ಪರೀಕ್ಷೆಗಳಲ್ಲೂ ಕಾಯಿಲೆಗೊಂದು ಹೆಸರು ಸಿಗಲಿಲ್ಲ. ಟೇಪನ್ನು ಸವಿತಾಳ ಡಬ್ಬಿಗೆ ವಾಪಸ್ ಹಾಕಿದ್ದೇನೆ. ಭಯ ಪೂರ್ತಿ ಹೋಗಿಲ್ಲ, ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಈಗಲೂ ಊಟ ಸೇರುವುದಿಲ್ಲ. ಮಾತ್ರೆ ಫ್ರಿಜ್ಜಿನ ಮೇಲೆ ಸೀಲು ಒಡೆಯದೆ ಕೂತಿದೆ. "ಒಂದ್ಸಲ ತಗೊಂಡು ನೋಡಿ ರೀ" ಎಂದು ಸವಿತಾ ಮೊದಮೊದಲು ಹೇಳುತ್ತಿದ್ದಳು. ಈಗ ಅವಳೂ ಹೇಳುವುದಿಲ್ಲ.

ಕೆಲಸದಿಂದ ಬಂದು ಕೈಕಾಲು ತೊಳೆದು ನಡುಮನೆಯಲ್ಲಿ ಕೂರುವಷ್ಟರಲ್ಲಿ ಅಪ್ಪ ಎಣ್ಣೆಯ ಬಟ್ಟಲು ಹಿಡಿದು ಬಂದಿರುತ್ತಾರೆ. ನಾನು ಪ್ಯಾಂಟು ಮೇಲೆ ಸರಿಸಿ ಕಾಲು ಮುಂದೆ ಚಾಚುತ್ತೇನೆ. ಈ ಅದುರು ನಿಂತರೆ ಸಾಕು ಎಂದು ಹರಕೆ ಹೊರುವಷ್ಟು ಬೇಸತ್ತಿದ್ದವನು ನಾನು. ಈಗ ಅಪ್ಪ ಅಂಗೈ ಇಡುವ ಮುಂಚೆ, ಇನ್ನೂ ಅದುರುತ್ತಿದೆ ತಾನೇ ಎಂದು ನಾನೇ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.