ಲಕ್ಕವ್ವನ ಮನೆಯ ತಡವಾದ ದೀಪ

ಗೊಳಸಂಗಿಯಲ್ಲಿ ಲಕ್ಕವ್ವನ ಬಾಯಿಗೆ ಹೆದರದವರು ಯಾರಿದ್ದಾರೆ ಹೇಳಿ. ಆಕೆ ಅಂಗಡಿ ಮುಂದೆ ನಿಂತರೆ ತಕ್ಕಡಿಯ ಮುಳ್ಳು ತಾನಾಗಿಯೇ ನೆಟ್ಟಗಾಗುತ್ತದೆ ಎಂದು ಓಣಿಯವರು ನಗುತ್ತಿದ್ದರು. ಹಾಗಂತ ಕೆಟ್ಟವಳಲ್ಲ. ಹದಿನಾಲ್ಕನೆಯ ವಯಸ್ಸಿಗೆ ಸಿಂದಗಿ ಕಡೆಯ ಕನ್ನೊಳ್ಳಿಯಿಂದ ಸೊಸೆಯಾಗಿ ಬಂದವಳು, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಎರೆ ಹೊಲವನ್ನೂ ಒಬ್ಬನೇ ಮಗ ಸಂಗಮೇಶನನ್ನೂ ಯಾರ ಹಂಗಿಲ್ಲದೆ ಸಂಬಾಳಿಸಿದವಳು. ಅಂಥವಳ ನಾಲಿಗೆ ತುಸು ಹರಿತವಾದರೆ ತಪ್ಪೇನು?

ಮನೆಯಲ್ಲಿ ಆಕೆಯ ಕಟ್ಟಳೆಗಳು ಬಹಳ ಇರಲಿಲ್ಲ. ಇದ್ದದ್ದು ಒಂದೇ, ಅದು ಮಾತ್ರ ಶಿಲಾಶಾಸನ. ದೀಪ ಹಚ್ಚುವ ಹೊತ್ತಿಗೆ ಯಾರೂ ಮಲಗಿರಬಾರದು. ಜ್ವರವಿರಲಿ, ಬಾಣಂತಿಯಿರಲಿ, ಎದ್ದು ಗೋಡೆಗಾದರೂ ಆತು ಕೂರಬೇಕು. ಸಂಜೆ ಲಕ್ಷ್ಮಿ ಬಾಗಿಲಿಗೆ ಬರುತ್ತಾಳೆ, ಮಲಗಿದವರನ್ನು ಕಂಡರೆ ಹೊಸ್ತಿಲಿಂದಲೇ ತಿರುಗಿಬಿಡುತ್ತಾಳೆ ಎಂಬುದು ಆಕೆಯ ಅತ್ತೆ ಹೇಳಿಕೊಟ್ಟ ಮಾತು. ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುವಾಗಲೂ ತಾನು ಕಂಬಕ್ಕೆ ಒರಗಿ ಕೂತು ದೀಪಕ್ಕೆ ಕೈಮುಗಿದದ್ದನ್ನು ಲಕ್ಕವ್ವ ಹೇಳದ ಮನೆಯಿಲ್ಲ. ಕೇಳಿ ಕೇಳಿ ಜನಕ್ಕೆ ಬಾಯಿಪಾಠವಾಗಿತ್ತು.

ಈ ಕಟ್ಟಳೆಗೆ ಪೆಟ್ಟು ಬಿದ್ದದ್ದು ಎರಡು ಸಾವಿರದ ಆರನೆಯ ಇಸವಿಯಲ್ಲಿ.

ಸೊಸೆ ಸುನಂದಾ ಬಸವನ ಬಾಗೇವಾಡಿಯ ಹುಡುಗಿ. ಮಾತು ಮೆತ್ತಗೆ, ಕೆಲಸ ಬಿರುಸು. ಸಣ್ಣದೊಂದು ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಎಂದು ಬಂತು. ಹತ್ತು ವರ್ಷದ ಹಿಂದೆ, ಈಗ ಬಾಗೇವಾಡಿಯ ಅಜ್ಜಿಮನೆಯಲ್ಲಿದ್ದು ಓದುವ ಮಗಳು ಹುಟ್ಟಿದಾಗ ಆಕೆಗೆ ರಕ್ತ ಹಾಕಿದ್ದರು, ಬಹುಶಃ ಅಲ್ಲಿಂದಲೇ ಬಂದಿರಬೇಕು ಅಂದರು ವಿಜಾಪುರದ ಡಾಕ್ಟರು. ಲಿವರನ್ನು ಸದ್ದಿಲ್ಲದೆ ತಿನ್ನುವ ರೋಗ. ಆರು ತಿಂಗಳು, ವಾರಕ್ಕೊಂದು ಸೂಜಿ, ದಿನಾ ಗುಳಿಗೆ. ಸಂಗಮೇಶ ಕರೆಂಟಿನ ಲೈನ್‌ಮನ್, ಸರಕಾರಿ ನೌಕರಿ, ಹಾಗಾಗಿ ಖರ್ಚಿನ ಚಿಂತೆ ಅಷ್ಟಿರಲಿಲ್ಲ. ಸೂಜಿಯ ಔಷಧವನ್ನು ತಂಪಿನಲ್ಲಿಡಬೇಕಿತ್ತು. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಅದು ಮೋದಿನಸಾಬನ ಅಂಗಡಿಯಲ್ಲಿ ಸೋಡಾ ಬಾಟಲಿಗಳ ನಡುವೆ ಕೂತಿರುತ್ತಿತ್ತು. ಶನಿವಾರ ಸಂಜೆ ತರುವುದು, ಊರಿನ ನರ್ಸಮ್ಮ ಬಂದು ಚುಚ್ಚುವುದು, ರಾತ್ರಿಯಿಡೀ ಸುನಂದಾ ಚಳಿಯಲ್ಲಿ ನಡುಗುವುದು. ಹೀಗೆ ನಡೆದಿತ್ತು.

ಆದರೆ ನಡುಕಕ್ಕಿಂತ ದಣಿವು ದೊಡ್ಡದಾಯಿತು. ಎರಡು ಕೊಡ ನೀರು ತಂದರೆ ಹೊಲದ ಕಳೆ ತೆಗೆದಷ್ಟು ಸುಸ್ತು. ರಾತ್ರಿ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಹಗಲು ಕಣ್ಣು ಉರಿಯುತ್ತಿದ್ದವು. ಇಡೀ ದಿನದಲ್ಲಿ ನಿಜವಾದ ನಿದ್ದೆ ಬರುತ್ತಿದ್ದದ್ದು ಹೊತ್ತು ಇಳಿಯುವಾಗ, ಒಂದೇ ತಾಸು. ಬಂದಾಗ ಬಿಡಬೇಡಿ, ಮಲಗಿ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ವಿಜಾಪುರದಲ್ಲಿದ್ದರು, ಲಕ್ಕವ್ವ ಮನೆಯಲ್ಲಿದ್ದಳು.

"ಸುನಂದಾ, ಹೊತ್ತು ಮುಣಗಾಕತ್ತೈತಿ, ಏಳು."

ಹೇಳಿದ್ದಕ್ಕೆ ಏಳದಿದ್ದರೆ ಹಿತ್ತಾಳೆಯ ತಂಬಿಗೆ ನೆಲಕ್ಕೆ ಠಣ್ ಎಂದು ಕೂರುತ್ತಿತ್ತು. ಸುನಂದಾ ಬೆಚ್ಚಿ ಎದ್ದು ಕಂಬಕ್ಕೆ ಒರಗುತ್ತಿದ್ದಳು. ಒಮ್ಮೆ ಹಾರಿದ ನಿದ್ದೆ ಮತ್ತೆ ಮರುದಿನ ಸಂಜೆಗೇ. ಲಕ್ಕವ್ವನಿಗೂ ಒಳಗೊಳಗೇ ಅನುಮಾನ. ರೋಗ ಅಂದಮೇಲೆ ಕಾಮಣಿಯ ಹಾಗೆ ಕಣ್ಣು ಹಳದಿಯಾಗಬೇಕು, ಮೈ ಸುಡಬೇಕು. ನೋಡಿದರೆ ಏನೂ ಇಲ್ಲ, ಮೂರು ಹೊತ್ತೂ ಹಾಸಿಗೆ ಬೇಕು ಅಂದರೆ ಇದೆಂಥ ರೋಗ?

ಮೂರನೆಯ ತಿಂಗಳ ಒಂದು ಶನಿವಾರ ಬೆಳಿಗ್ಗೆ ರೊಟ್ಟಿ ಸೀದ ವಾಸನೆ ಬಂತು. ಲಕ್ಕವ್ವ ಅಡುಗೆಮನೆಗೆ ಬಂದಳು. ಹಂಚಿನ ಮೇಲೆ ರೊಟ್ಟಿ ಕರಕಾಗಿತ್ತು. ಸುನಂದಾ ಇನ್ನೊಂದು ರೊಟ್ಟಿಯನ್ನು ಅರ್ಧ ಬಡಿದು, ಹಿಟ್ಟಿನ ಮೇಲೆ ಕೈಯಿಟ್ಟು ಹಾಗೇ ಕೂತುಬಿಟ್ಟಿದ್ದಳು. ಊರಿಗೆಲ್ಲ ತೆಳ್ಳಗಿನ ರೊಟ್ಟಿಗೆ ಹೆಸರಾದ ಕೈ ಅದು. ಲಕ್ಕವ್ವ ಒಲೆಯಿಂದ ಹಂಚು ಇಳಿಸಿದಳು.

"ಅತ್ತಿ, ಇವತ್ತ ಮೋದಿನಸಾಬನ ಅಂಗಡಿಗಿ ಯಾರೂ ಹೋಗೂದು ಬ್ಯಾಡ್ರಿ," ಅಂದಳು ಸುನಂದಾ. "ನಾ ಇನ್ನ ಸೂಜಿ ಮಾಡಿಸ್ಕೊಳ್ಳೂದಿಲ್ಲ."

"ಯಾಕವಾ?"

"ರೋಗ ಇದ್ದಾಗ ಓಡ್ಯಾಡಕೊಂಡಿದ್ದೆರಿ. ಔಷಧ ಬಂದ ಮ್ಯಾಲ ಬಿದ್ದೇನಿ. ರಾತ್ರಿಯೆಲ್ಲಾ ಜಂತಿ ಎಣಸ್ತೇನಿ. ಕಣ್ಣು ಹತ್ತೂದು ಸಂಜಿ ಮುಂದ ಒಂದ ತಾಸು. ಅದೂ..."

ಲಕ್ಕವ್ವನ ಕಣ್ಣು ಮೂಲೆಯಲ್ಲಿದ್ದ ತಂಬಿಗೆಯ ಕಡೆ ಹೋಯಿತು. ನಡುವೆ ಬಿಟ್ಟರೆ ಇಲ್ಲಿತನಕ ಪಟ್ಟದ್ದೆಲ್ಲ ಮಣ್ಣುಪಾಲು, ರೋಗ ಮತ್ತೆ ತಲೆಯೆತ್ತುತ್ತದೆ ಎಂದು ಡಾಕ್ಟರು ತನ್ನೆದುರಿಗೇ ಹೇಳಿದ್ದು ನೆನಪಾಗಿ ಆಕೆಗೆ ಹೆದರಿಕೆಯಾಯಿತು. ಬೈದು ಒಪ್ಪಿಸೋಣ ಎಂದು ಬಾಯಿ ತೆರೆದಳು. ಬೈಯುವ ಬದಲು ಸುನಂದಾಳ ಮುಂದಿನ ಹಿಟ್ಟನ್ನು ತನ್ನ ಕಡೆ ಎಳೆದುಕೊಂಡು ಉಳಿದ ರೊಟ್ಟಿ ತಾನೇ ಬಡಿದಳು.

ಮಧ್ಯಾಹ್ನ ಹೊಲದ ಬದುವಿನಲ್ಲಿ ಕೂತಾಗ ಆ ಚಳಿಜ್ವರದ ಸಂಜೆ ನೆನಪಾಯಿತು. ನೂರು ಸಲ ಹೇಳಿದ ಕಥೆ. ಆದರೆ ಕಥೆಯಲ್ಲಿ ಎಂದೂ ಹೇಳದ ಒಂದು ಚೂರು ಉಳಿದಿತ್ತು. ಕಂಬಕ್ಕೆ ಒರಗಿ ಕೂತಿದ್ದ ಹದಿನಾರರ ಆ ಹುಡುಗಿ ದೀಪಕ್ಕೆ ಕೈಮುಗಿದು ಕೇಳಿಕೊಂಡದ್ದು ಸಿರಿಯಲ್ಲ, ಸಂಪತ್ತಲ್ಲ. ಒಂದು ಗಳಿಗೆ ಮಲಗು ಅಂತ ಯಾರಾದರೂ ಹೇಳಲಿ, ಅಷ್ಟೇ. ಯಾರೂ ಹೇಳಿರಲಿಲ್ಲ. ಲಕ್ಕವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹೊತ್ತಿಗೆ ಮುಂಚೆಯೇ ಮನೆಗೆ ಹೊರಟಳು.

ಸಂಜೆ ಸುನಂದಾ ಪಡಸಾಲೆಯ ಕೌದಿಯ ಮೇಲೆ ಮಲಗಿದ್ದಳು, ಬಾಯಿ ತುಸು ತೆರೆದಿತ್ತು. ಸೂರ್ಯ ಮುಳುಗುತ್ತಿದ್ದ. ಲಕ್ಕವ್ವ ತಂಬಿಗೆ ಎತ್ತಿಕೊಂಡಳು, ಸದ್ದಾಗದಂತೆ ಇಳಿಸಿದಳು. ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡು ದೇವರ ಮುಂದೆ ನಿಂತಳು. ದೀಪ ಹಚ್ಚಿದರೆ ಸೊಸೆಯನ್ನು ಎಬ್ಬಿಸಬೇಕು. ಎಬ್ಬಿಸಿದರೆ ಸೂಜಿ ನಿಂತಂತೆಯೇ. ಹಾಗಂತ ಇಷ್ಟು ವರ್ಷ ನಡೆಸಿಕೊಂಡು ಬಂದ ಕಟ್ಟಳೆಯನ್ನು ಈ ವಯಸ್ಸಿನಲ್ಲಿ ಮುರಿಯುವುದೆಂದರೆ ಅದೂ ಆಕೆಯ ಕೈಯಲ್ಲಾಗದ ಮಾತು. ಕೊನೆಗೆ ದೀಪ ಹಚ್ಚಲಿಲ್ಲ. ಬಲ್ಬಿನ ಸ್ವಿಚ್ಚನ್ನೂ ಮುಟ್ಟಲಿಲ್ಲ. ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಬಂದು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು. ಲಕ್ಷ್ಮಿ ಬಂದರೆ ಬರಲಿ, ಒಂದು ಗಳಿಗೆ ಇಲ್ಲೇ ಕಟ್ಟೆಯ ಮೇಲೆ ಕೂರಲಿ. ಕೂತರೆ ಅವಳ ಗಂಟೇನು ಹೋಗುತ್ತದೆ?

ಎದುರು ಮನೆಯ ಇಮಾಮಬಿ ಕಸ ಚೆಲ್ಲಲು ಬಂದವಳು ನಿಂತಳು. "ಲಕ್ಕವ್ವಕ್ಕಾ, ಓಣಿಗೆಲ್ಲಾ ಕರೆಂಟ ಐತಿ, ಲೈನ್‌ಮನ್ ಮನ್ಯಾಗ ಕತ್ತಲೇನು?"

"ನಮ್ಮ ಮನ್ಯಾಗ ಇನ್ನಾ ಹೊತ್ತು ಮುಣಗಿಲ್ಲ."

ಇಮಾಮಬಿ ಆಕಾಶ ನೋಡಿದಳು, ಲಕ್ಕವ್ವನ ಮುಖ ನೋಡಿದಳು, ಕತ್ತಲ ಪಡಸಾಲೆಯತ್ತ ಇಣುಕಿದಳು. "ಸುನಂದಾಗ ನಿದ್ದಿ ಹತ್ತೈತೇನು?"

"ಹ್ಞೂಂ. ಸಾವಕಾಶ ಮಾತಾಡು."

ಇಮಾಮಬಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವರ ಮನೆಯ ಟೀವಿ ಸದ್ದು ಸಣ್ಣದಾಯಿತು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಸಂಗಮೇಶ, ಕತ್ತಲ ಮನೆ ಕಂಡು ನೇರ ಫ್ಯೂಜಿಗೆ ಕೈ ಹಾಕಿದ.

"ಕೈ ತೆಗಿ," ಅಂದಳು ಲಕ್ಕವ್ವ. "ಊರಿಗೆಲ್ಲಾ ಬೆಳಕ ಕೊಡಾವ ಅಂತ ನನ್ನ ಮನಿ ದೀಪದ ಉಸಾಬರೀನೂ ನಿಂದೇನು? ಸುಮ್ನ ಇಲ್ಲಿ ಕುಂದ್ರು."

ತಾಯಿ ಮಗ ಇಬ್ಬರೂ ಕತ್ತಲಲ್ಲಿ ಕೂತರು. ಸಂಗಮೇಶನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವ್ವನೊಡನೆ ವಾದ ಮಾಡುವಷ್ಟು ದಡ್ಡನೂ ಅವನಲ್ಲ.

ಒಳಗೆ ಬಳೆ ಸದ್ದಾಯಿತು. ಸುನಂದಾ ಗಾಬರಿಯಿಂದ ಎದ್ದು ಕೂತಿದ್ದಳು. "ಅಯ್ಯ, ಅತ್ತಿ, ಇಷ್ಟ ಕತ್ತಲಾಗೇತಿ, ದೀಪ ಹಚ್ಚಿಲ್ಲೇನ್ರಿ?"

"ನೀ ಏಳಬೇಕಲ್ಲ. ಎದ್ದಿ, ಈಗ ಸಂಜಿ ಆತು. ಮುಖ ತೊಳಕೊ."

ಲಕ್ಕವ್ವ ದೀಪ ಹಚ್ಚಿದಳು. ಸುನಂದಾ ಕೈಮುಗಿದಳು, ಆದರೆ ನೋಡುತ್ತಿದ್ದದ್ದು ದೀಪವನ್ನಲ್ಲ, ಅತ್ತೆಯನ್ನು. ಮುಖ ತೊಳೆದು ಬಂದವಳು ನಿಧಾನಕ್ಕೆ ಅಂದಳು, "ಅತ್ತಿ, ಮೋದಿನಸಾಬ ಅಂಗಡಿ ಮುಚ್ಚೂದ್ರಾಗ ಸೂಜಿ ತರಾಕ ಹೇಳ್ರಿ ಅವರಿಗೆ."

ಅಂದಿನಿಂದ ಆ ಮನೆಯಲ್ಲಿ ಸಂಜೆ ಎಂಬುದು ಪಂಚಾಂಗದ ಮಾತು ಕೇಳಲಿಲ್ಲ, ಸುನಂದಾಳ ಕಣ್ಣಿನ ಮಾತು ಕೇಳಿತು. ಒಂದು ದಿನ ಬೇಗ, ಒಂದು ದಿನ ತಡ. ದೀಪ ಕಂಡರೆ ಓಣಿಯ ಹೆಂಗಸರು "ಸುನಂದಾ ಎದ್ಲು" ಎಂದುಕೊಂಡು ತಮ್ಮ ಮಕ್ಕಳನ್ನು ಗಲಾಟೆ ಮಾಡಲು ಬಿಡುತ್ತಿದ್ದರು. ಮೈಯಲ್ಲಿ ಕಸುವಿರುವ ಬೆಳಗಿನ ಹೊತ್ತಿಗೆ ರೊಟ್ಟಿ ಮುಗಿಸುವುದು, ಉಳಿದ ಕೆಲಸ ಲಕ್ಕವ್ವನಿಗೆ ಬಿಡುವುದು, ಹೀಗೆ ಹೊಂದಿಕೊಂಡರು. ಎಲ್ಲ ಸಲೀಸಾಗೇನೂ ಇರಲಿಲ್ಲ. ಸುನಂದಾಳ ತಲೆಗೂದಲು ಉದುರಿತು. ನಿದ್ದೆಯಿಲ್ಲದ ತಲೆ ಸಿಡಿಸಿಡಿ ಅನ್ನುತ್ತಿತ್ತು. ಒಂದು ದಿನ ಆಕೆ ಅತ್ತೆಯ ಎದುರಿಗೆ ತಾಟು ಎಸೆದು ಏನೇನೋ ಅಂದುಬಿಟ್ಟಳು. ಲಕ್ಕವ್ವ ತಾಟು ಎತ್ತಿಟ್ಟು, ಎದುರು ಮನೆಗೆ ಹೋಗಿ ಕೂತು, "ಔಷಧ ಮಾತಾಡಾಕತ್ತೈತಿ ಇಮಾಮಬಿ, ನಮ್ಮ ಹುಡುಗಿ ಅಲ್ಲ," ಅಂದು ಚಹಾ ಕುಡಿದು ಬಂದಳು.

ಕೊನೆಯ ಸೂಜಿ ಮುಗಿದ ಮೇಲೂ ದಣಿವು ಒಮ್ಮೆಲೇ ಬಿಡಲಿಲ್ಲ. ಮುಂದೆ ಡಾಕ್ಟರು ರಕ್ತದಲ್ಲಿ ರೋಗದ ಸುಳಿವಿಲ್ಲ ಅಂದರು. ಸಂಗಮೇಶ ಪೇಢೆ ತಂದು ಹಂಚಿದ. ಲಕ್ಕವ್ವ ಪೇಢೆ ತಿಂದಳು, ಮಾತು ನಂಬಲಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವ ಜೀವ ಅದು. ಸಂಜೆಯಾದರೆ ರೂಢಿಯಂತೆ ಕಡ್ಡಿಪೆಟ್ಟಿಗೆ ಹಿಡಿದು ಕಟ್ಟೆಯ ಮೇಲೆ ಕೂತು ಕಾಯುತ್ತಲೇ ಇದ್ದಳು.

ಒಂದು ಸಂಜೆ ಹಾಗೇ ಕೂತಿದ್ದಾಗ ಆಕೆಯ ಕಾಲ ಮೇಲೆ ಬೆಳಕು ಬಿತ್ತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಒಳಗಿನಿಂದ ಎಣ್ಣೆಯ ವಾಸನೆ, ಗಂಟೆಯ ಸಣ್ಣ ಸದ್ದು.

ಇಮಾಮಬಿ ಬಾಗಿಲಿಗೆ ಬಂದಳು. "ಏನ ಲಕ್ಕವ್ವಕ್ಕಾ, ಇವತ್ತ ಇಷ್ಟ ಲಗೂ ದೀಪ ಹಚ್ಚಿದಿ?"

ಲಕ್ಕವ್ವ ತಿರುಗಿ ಒಳಗೆ ನೋಡಿದಳು. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ.

"ಹಚ್ಚಿದಾಕಿ ನಾ ಅಲ್ಲ," ಅಂದಳು. "ನನ್ನ ಕಡ್ಡಿಪೆಟ್ಟಿಗಿ ಇನ್ನಾ ನನ್ನ ಕೈಯಾಗ ಐತಿ ನೋಡು."